ಮೂರನೆಯ ಸಿಲಿಂಡರಿನ ಬಿಸಿ

ಡೆಲ್ಮೀರಾ ಕುಯೇಯರ್‌ಗೆ ಅನುಮಾನ ಹೊಕ್ಕರೆ ಊಟ ಸೇರುವುದಿಲ್ಲ. ಆ ಬೆಳಿಗ್ಗೆಯೂ ಬಾಳೆಕಾಯಿ, ಒಣಮಾಂಸ ಕುಟ್ಟಿ ಮಾಡಿದ ಮಸಾಕೊ ತಟ್ಟೆಯಲ್ಲೇ ಆರಿಹೋಯಿತು. ಅವಳು ಶೆಡ್ಡಿನ ನೆರಳಿನಲ್ಲಿ ನಿಂತು ತನ್ನ ವಿಮಾನವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಎಂಜಿನ್ನಿನ ಬಿಸಿ ತೋರಿಸುವ ಅದರ ಪರದೆ ವಾರವಿಡೀ ಒಂದೇ ರಾಗ ಎಳೆಯುತ್ತಿತ್ತು. ಮೂರನೆಯ ಸಿಲಿಂಡರ್ ಸುಡುತ್ತಿದೆ, ಉಳಿದ ಐದು ತಣ್ಣಗಿವೆ.

ಸಾಂತಾ ಆನಾದಲ್ಲಿ ವಿಮಾನವೆಂದರೆ ಶೋಕಿಯಲ್ಲ. ಬೇನಿ ಬಯಲಿನಲ್ಲಿ ಮಳೆಗಾಲ ಬಂತೆಂದರೆ ರಸ್ತೆಗಳು ನೀರಿನಡಿ ಮಲಗುತ್ತವೆ. ದನದ ದೊಡ್ಡಿಗಳಿಂದ ಮಾಂಸ ಊರಿಗೆ ಬರಬೇಕೆಂದರೆ ಹಾರಿಯೇ ಬರಬೇಕು. ಡೆಲ್ಮೀರಾ ಗಂಡ ತೀರಿಕೊಂಡ ಮೇಲೆ ಇದೇ ಆರು ಸಿಲಿಂಡರಿನ ವಿಮಾನದಲ್ಲಿ ಮಾಂಸ ಹೊತ್ತು ಮಗಳನ್ನು ಸಾಕಿದವಳು. ಆ ಮಗಳು ಯಾಸ್ಕರಾ ಈಗ ಪೈಲಟ್. ಶನಿವಾರ ಅವಳು ಇದನ್ನು ಮೊದಲ ಸಲ ಒಬ್ಬಳೇ ಹಾರಿಸಬೇಕು. ಅದಕ್ಕೆಂದೇ ಡೆಲ್ಮೀರಾ ಸೀಟಿಗೆ ಹೊಸ ಬಟ್ಟೆ ಹೊಲಿಸಿದ್ದಳು. ಅಷ್ಟರಲ್ಲಿ ಈ ಹಾಳು ಮೂರನೆಯದು ವಕ್ಕರಿಸಿತ್ತು.

ಎಲ್ಲ ಶುರುವಾದದ್ದು ಇಲಿಯಿಂದ. ಮೂರನೆಯ ಸಿಲಿಂಡರಿನ ಬಿಸಿ ಅಳೆಯುವ ಕಡ್ಡಿಯಿಂದ ಪರದೆಗೆ ಹೋಗುವ ತಂತಿಯನ್ನು ಇಲಿ ಕಡಿದು ಹಾಕಿತ್ತು. ಮೆಕ್ಯಾನಿಕ್ ಎರ್ಲಾನ್ ಮೋಯೆ ಆ ಒಂದು ತಂತಿಯನ್ನು ಬುಡದಿಂದ ತುದಿಯವರೆಗೆ ಹೊಸದಾಗಿ ಎಳೆದ. ಮಾರನೆಯ ಹಾರಾಟದಲ್ಲೇ ಮೂರನೆಯದರ ಅಂಕಿ ಉಳಿದವುಗಳಿಗಿಂತ ಐವತ್ತು ಡಿಗ್ರಿ ಮೇಲೆ ಹೋಗಿ ಕೂತಿತು. ಎರ್ಲಾನ್ ಬೇರೆ ಯಾರೋ ಅಲ್ಲ, ಯಾಸ್ಕರಾಳ ಧರ್ಮತಂದೆ. ಚರ್ಚಿನಲ್ಲಿ ಮಗುವನ್ನು ಕೈಯಲ್ಲಿ ಹಿಡಿದು ನಿಂತವನು. ಅಂದಿನಿಂದ ಅವನು ಯಾಸ್ಕರಾಗೆ ಪದ್ರೀನೊ, ಡೆಲ್ಮೀರಾಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಅಣ್ಣತಮ್ಮಂದಿರಿಗಿಂತ ಒಂದು ಕೈ ಮೇಲಿನ ನಂಟು ಅದು.

ಆ ನಂಟಸ್ತನದವನೇ ಬಂದು, "ಕೊಮಾದ್ರೆ, ಸದ್ಯಕ್ಕೆ ಇದನ್ನ ಹಾರಿಸ್ಬೇಡಿ. ಎಂಜಿನ್ನೇ ಬೇಯ್ತಾ ಇರೋ ಹಾಗಿದೆ. ಉಳಿದ ಐದರ ತಂತೀನೂ ಬಿಚ್ಚಿ ನೋಡ್ಬೇಕು" ಅಂದಿದ್ದ.

"ಮೂರು ಸುಡ್ತಿದೆ, ನೀನು ತಣ್ಣಗಿರೋ ಐದನ್ನ ಬಿಚ್ತೀಯಾ? ಕಾಲು ನೋವು ಅಂದವನಿಗೆ ಹಲ್ಲು ಕೀಳೋ ಡಾಕ್ಟರ್ ಆದೆಯಲ್ಲ" ಎಂದು ಅವಳು ನಕ್ಕುಬಿಟ್ಟಿದ್ದಳು. ಅಂದು ಅದು ಬರೀ ತಮಾಷೆ.

ಅದೇ ಸಂಜೆ ಕಾಫಿ ಅಂಗಡಿಯಲ್ಲಿ ಅವಳು ಕಂಡದ್ದು ತಮಾಷೆಯಾಗಿರಲಿಲ್ಲ. ಎರ್ಲಾನ್ ಮೂಲೆಯಲ್ಲಿ ಸಾಂದೋವಾಲ್ ಜೊತೆ ಕೂತಿದ್ದ. ಸಾಂದೋವಾಲ್ ಅಂದರೆ ಸಾಂತಾ ಕ್ರೂಸ್‌ನಿಂದ ಬಂದು ಹಳೆ ವಿಮಾನಗಳನ್ನು ಅಗ್ಗಕ್ಕೆ ಕೊಳ್ಳುವವನು. ಅವಳ ವಿಮಾನಕ್ಕೂ ಗಾಳ ಹಾಕಿದ್ದ. "ಎಂಜಿನ್ನಿಗೆ ವಯಸ್ಸಾಯ್ತು ಸೆನ್ಯೋರಾ, ಬಂದಷ್ಟಕ್ಕೆ ಕೊಟ್ಟುಬಿಡಿ" ಎಂದು ಬೆಣ್ಣೆಯಂಥ ಮಾತಾಡಿದ್ದ. ಈಗ ಅವನು ಮೇಜಿನ ಕೆಳಗಿಂದ ಒಂದು ಪೊಟ್ಟಣ ದಾಟಿಸಿದ. ಎರ್ಲಾನ್ ಅದನ್ನು ಅಂಗಿಯೊಳಗೆ ಇಳಿಸಿಕೊಂಡ. ಡೆಲ್ಮೀರಾಗೆ ಎರಡಕ್ಕೆ ಎರಡು ಕೂಡಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಂಜಿನ್ ಕೆಟ್ಟಿದೆ ಅಂತ ಹೆದರಿಸುವವನು ಒಬ್ಬ, ಅಗ್ಗಕ್ಕೆ ಕೊಳ್ಳುವವನು ಇನ್ನೊಬ್ಬ.

ಮಾರನೆಯ ದಿನ ಇಡೀ ವಿಮಾನ ನಿಲ್ದಾಣದ ಎದುರು ಅವಳು ಅವನ ಮಾನ ಹರಾಜಿಗಿಟ್ಟಳು. ಅವನ ಕೊರಳಿನಿಂದ ತನ್ನ ವಿಮಾನದ ಕೀ ಕಿತ್ತುಕೊಂಡಳು. "ಶನಿವಾರ ನನ್ನ ಮಗಳು ಇದನ್ನ ಹಾರಿಸ್ತಾಳೆ. ನೀನು ನೋಡೋಕೂ ಬರ್ಬೇಡ" ಅಂದಳು. ಎರ್ಲಾನ್ ಏನೋ ಹೇಳಲು ಬಾಯಿ ತೆರೆದ. ನಿಂತ ಜನರನ್ನು ನೋಡಿ ಮುಚ್ಚಿಕೊಂಡು ಹೋದ. ತಪ್ಪು ಮಾಡಿದವನಲ್ಲದಿದ್ದರೆ ಯಾಕೆ ಸುಮ್ಮನೆ ಹೋಗುತ್ತಾನೆ ಎಂದು ಅವಳಿಗೆ ಇನ್ನೂ ಗಟ್ಟಿಯಾಯಿತು. ಅನುಮಾನದ ಕಣ್ಣಿಗೆ ಮಾತೂ ಸಾಕ್ಷಿ, ಮೌನವೂ ಸಾಕ್ಷಿ.

ಅವಳ ತಮ್ಮ ರೋಮುಲೊ ಸುಮ್ಮನಿರುವ ಗಿರಾಕಿಯಲ್ಲ, ಕಿವಿ ಊದುತ್ತಲೇ ಇದ್ದ. "ನೋಡಕ್ಕಾ, ನಾನು ಹಾಕಿದ ಐದು ತಂತಿ ತಣ್ಣಗಿವೆ. ಅವನು ಹಾಕಿದ ಒಂದೇ ಒಂದು ಸುಡ್ತಿದೆ. ಇನ್ನೇನು ಹೇಳ್ಬೇಕು?"

ಅದೂ ನಿಜವೇ. ಮಾಂಸ ಹೊತ್ತ ವಿಮಾನ ಮೂಗು ತಗ್ಗಿಸಿ ಇಳಿಯುವಾಗ ರಕ್ತವೆಲ್ಲ ಮುಂದಕ್ಕೆ ಹರಿದು ಪೈಲಟ್‌ನ ಪಾದ ತೋಯಿಸುತ್ತದೆ. ಅಲ್ಲೇ ನೆಲದಲ್ಲಿದ್ದ ತಂತಿಯ ಗಂಟುಗಳನ್ನು ಉಪ್ಪುರಕ್ತ ತಿಂದುಹಾಕುತ್ತಿತ್ತು. ಅದಕ್ಕೆ ಸಾಂತಾ ಆನಾದವರು ಒಂದು ಉಪಾಯ ಕಂಡುಕೊಂಡಿದ್ದರು. ಗಂಟನ್ನು ಪೈಲಟ್‌ನ ಮುಂದಿರುವ ಗೋಡೆಯಾಚೆ, ಎಂಜಿನ್ ಬದಿಗೆ ಸರಿಸುವುದು, ಅಲ್ಲಿಂದ ಪರದೆಯವರೆಗೆ ಮನೆಯ ದೀಪಕ್ಕೆ ಹಾಕುವ ತಾಮ್ರದ ತಂತಿ ಎಳೆಯುವುದು. ರೋಮುಲೊ ತನ್ನ ವಿಮಾನಕ್ಕೂ ಅಕ್ಕನ ವಿಮಾನಕ್ಕೂ ಹಾಗೇ ಮಾಡಿದ್ದ. ಅಂದಿನಿಂದ ರಕ್ತಕ್ಕೆ ಒಂದು ತಂತಿಯೂ ಕೆಟ್ಟಿರಲಿಲ್ಲ. ಆ ಹೆಮ್ಮೆಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ಬೆಳಿಗ್ಗೆ ಅವನೇ ಮಾಂಸ ತರಲು ತನ್ನ ವಿಮಾನದಲ್ಲಿ ಎಲ್ ಪಲ್ಮಾರ್ ದೊಡ್ಡಿಗೆ ಹೊರಟ. "ಯಾಸ್ಕರಾನೂ ಬರ್ಲಿ, ಕೈ ಪಳಗುತ್ತೆ" ಅಂದ. ಡೆಲ್ಮೀರಾ ನಿಶ್ಚಿಂತೆಯಿಂದ ಕಳಿಸಿದಳು. ರೋಮುಲೊನ ಪರದೆಯಲ್ಲಿ ಆರಕ್ಕೆ ಆರೂ ತಣ್ಣಗಿದ್ದವು.

ಅವರು ಹೋದ ಮೇಲೆ ಅವಳು ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದಳು. ಎರ್ಲಾನ್‌ನ ಕೈವಾಡ ಬಯಲಿಗೆಳೆಯಬೇಕು, ಅಷ್ಟೇ. ಮೊದಲು ಮೂರನೆಯದರ ಕಡ್ಡಿ ಕಿತ್ತು ನಾಲ್ಕನೆಯದಕ್ಕೆ, ನಾಲ್ಕನೆಯದರದ್ದು ಮೂರಕ್ಕೆ ಹಾಕಿ ಎಂಜಿನ್ ಓಡಿಸಿದಳು. ಕಡ್ಡಿ ಕೆಟ್ಟಿದ್ದರೆ ಬಿಸಿ ಅದರ ಹಿಂದೆಯೇ ನಾಲ್ಕಕ್ಕೆ ಹೋಗಬೇಕು. ಹೋಗಲಿಲ್ಲ, ಮೂರರಲ್ಲೇ ಕೂತಿತ್ತು. ಎಂಜಿನ್ ಪೂರ್ತಿ ಆರಿದ ಮೇಲೆ ಕಾಫಿ ಪಾತ್ರೆಯಲ್ಲಿ ನೀರು ಕುದಿಸಿ ಆರೂ ಕಡ್ಡಿಗಳನ್ನು ಒಂದೊಂದಾಗಿ ಅದ್ದಿದಳು. ಪರದೆ ಎಲ್ಲದಕ್ಕೂ ನೂರರ ಆಸುಪಾಸೇ ತೋರಿಸಿತು. ಕಡ್ಡಿಗಳು ಸರಿ, ತಂತಿಯೂ ಸರಿ ಎಂದಾಯಿತು. ಹಾಗಾದರೆ ಈ ಮನುಷ್ಯ ಸಿಲಿಂಡರಿಗೇ ಏನಾದರೂ ಮಾಡಿಟ್ಟನೇ?

ಅಷ್ಟರಲ್ಲಿ ಎರ್ಲಾನ್ ಬಾಗಿಲಲ್ಲಿ ನಿಂತಿದ್ದ. ಬಾಯಲ್ಲಿ ಕೋಕಾ ಎಲೆಯ ಉಂಡೆ, ಮುಖದಲ್ಲಿ ನಿದ್ದೆಯಿಲ್ಲ. "ನನ್ನ ಪೆಟ್ಟಿಗೆ ಇಲ್ಲೇ ಉಳೀತು" ಅಂದ.

"ತಗೊಂಡು ಹೋಗು. ಆದ್ರೆ ಸ್ವಲ್ಪ ನಿಂತುಕೋ. ನಿನ್ನ ಎದುರಿಗೇ ಒಂದು ನೋಡೋದಿದೆ."

ಅವನ ಪೆಟ್ಟಿಗೆಯಿಂದಲೇ ಅವಳು ಬೆಸುಗೆಯ ಸೀಸದ ತಂತಿ ಎತ್ತಿಕೊಂಡಳು. ಅದು ಕರಗಲು ನೂರ ಎಂಬತ್ತು ಡಿಗ್ರಿ ದಾಟಬೇಕು. ಕಡ್ಡಿಗಳನ್ನು ಮತ್ತೆ ಕೂರಿಸಿ, ಪರದೆಯಲ್ಲಿ ಮೂರು ಇನ್ನೂರ ಹತ್ತಕ್ಕೆ, ಉಳಿದವು ನೂರ ಅರವತ್ತಕ್ಕೆ ಏರುವವರೆಗೆ ಎಂಜಿನ್ ಓಡಿಸಿದಳು. ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಮೂರರ ಮೇಲೆ ಸೀಸ ಕರಗದಿದ್ದರೆ ಅವನ ತಂತಿ ಸುಳ್ಳು. ಮೂರರ ಮೇಲೆ ಮಾತ್ರ ಕರಗಿದರೆ ಅವನು ಸಿಲಿಂಡರ್ ಕೆಡಿಸಿದ್ದಾನೆ. ಹೇಗೆ ತಿರುಗಿದರೂ ಸಿಕ್ಕಿಬೀಳುವವನು ಅವನೇ.

ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಮೂರರ ಮೇಲೆ ಸೀಸ ಒತ್ತಿದಳು. ಬೆಳ್ಳಿಯ ಹನಿಯಾಗಿ ಜಾರಿತು.

"ಹಿಡಿದೆ" ಅಂದಳು.

"ಒಂದನೆಯದನ್ನೂ ಮುಟ್ಟಿ ನೋಡಿ" ಅಂದ ಎರ್ಲಾನ್.

ಒಂದನೆಯದಕ್ಕೂ ಸೀಸ ಒತ್ತಿದಳು. ಅಲ್ಲೂ ಜಾರಿತು. ಎರಡು, ನಾಲ್ಕು, ಐದು, ಆರು, ಎಲ್ಲದರ ಮೇಲೂ ಸೀಸ ಒಂದೇ ಥರ ಕರಗಿ ಇಳಿಯಿತು. ನೂರ ಅರವತ್ತು ಎಂದು ಪರದೆ ಆಣೆಯಿಟ್ಟು ಹೇಳಿದ ಸಿಲಿಂಡರುಗಳು ಅವು. ಡೆಲ್ಮೀರಾಳ ಕೈ ಅಲ್ಲೇ ನಿಂತಿತು.

"ನಿಜ ಹೇಳ್ತಿರೋದು ಮೂರೊಂದೇ" ಎಂದ ಎರ್ಲಾನ್ ಮೆಲ್ಲಗೆ. "ಅಳತೆಯ ತಂತಿ ಮಾಮೂಲಿ ತಂತಿಯಲ್ಲ, ಕೊಮಾದ್ರೆ. ಅದಕ್ಕೆ ತಾಮ್ರ ಗಂಟು ಹಾಕಿದ್ರೆ, ಗಂಟಿನ ಹತ್ರ ಪರದೆಗಿಂತ ಎಷ್ಟು ಬಿಸಿ ಹೆಚ್ಚಿದೆಯೋ ಅಷ್ಟನ್ನ ಲೆಕ್ಕದಲ್ಲಿ ನುಂಗಿಬಿಡುತ್ತೆ. ನನಗೂ ಆ ಹೊಸ ತಂತಿ ಹಾಕೋವರೆಗೆ ಹೊಳೆದಿರಲಿಲ್ಲ."

"ನೀರಲ್ಲಿ ಅದ್ದಿದಾಗ ಎಲ್ಲಾ ಸರಿ ತೋರಿಸ್ತಲ್ಲ?"

"ಆಗ ಎಂಜಿನ್ ತಣ್ಣಗಿತ್ತು, ಗಂಟೂ ತಣ್ಣಗಿತ್ತು. ನುಂಗೋಕೆ ಏನೂ ಇರ್ಲಿಲ್ಲ." ಅವನು ಅಂಗಿಯೊಳಗಿಂದ ಆ ಪೊಟ್ಟಣ ತೆಗೆದು ರೆಕ್ಕೆಯ ಮೇಲಿಟ್ಟ. ಒಳಗೆ ಸುರುಳಿ ಸುತ್ತಿದ ತಂತಿ ಇತ್ತು, ಮೂರನೆಯದಕ್ಕೆ ಹಾಕಿದಂಥದ್ದೇ. "ಈ ಊರಲ್ಲಿ ಸಿಗಲ್ಲ. ಸಾಂದೋವಾಲ್ ಕೈಲಿ ಹೇಳಿ ತರಿಸ್ದೆ. ಉಳಿದ ಐದಕ್ಕೆ. ನಿಮ್ಮ ತಮ್ಮನ ತಂತಿ ತಪ್ಪು ಅಂತ ಊರ ಎದುರು ಹೇಳೋಕೆ ಮನಸ್ಸಾಗಲಿಲ್ಲ."

ಡೆಲ್ಮೀರಾಗೆ ನಾಚಿಕೆಯಾಯಿತು, ಮುಖ ಎಲ್ಲಿಡಬೇಕೆಂದು ತಿಳಿಯದಷ್ಟು. ಆದರೆ ನಾಚಿಕೆ ಪೂರ್ತಿ ಇಳಿಯುವ ಮೊದಲೇ ಅವಳಿಗೆ ಇನ್ನೊಂದು ನೆನಪಾಯಿತು. ಅಂಥದ್ದೇ ತಾಮ್ರದ ಗಂಟು ರೋಮುಲೊನ ವಿಮಾನದಲ್ಲೂ ಇತ್ತು. ಅವನ ಪರದೆಯಲ್ಲಿ ನಿಜ ಹೇಳಲು ಒಂದು ಮೂರನೆಯದೂ ಇರಲಿಲ್ಲ.

ಅವಳು ರೇಡಿಯೋ ಎತ್ತಿದಳು. "ರೋಮುಲೊ, ಎಲ್ಲಿದೀರಿ? ಬಿಸಿ ಎಷ್ಟಿದೆ?"

"ಹೊರಟಾಯ್ತಕ್ಕ, ಹೊಟ್ಟೆ ತುಂಬಾ ಮಾಂಸ. ಬಿಸೀನಾ? ಕೆರೆ ನೀರಿನ ಥರ ತಣ್ಣಗಿದೆ. ನೂರ ಎಪ್ಪತ್ತೂ ದಾಟಿಲ್ಲ. ಅದಕ್ಕೇ ಎಂಜಿನ್ನಿಗೆ ಗಾಳಿ ಬಿಡೋ ಕಿಂಡಿ ಮುಚ್ಚಿ, ಪೆಟ್ರೋಲು ಕಡಿಮೆ ಬಿಟ್ಟು ಬರ್ತಿದೀನಿ. ಯಾಸ್ಕರಾಗೂ ಈ ಉಳಿತಾಯ ಕಲಿಸ್ತಿದೀನಿ."

ಡೆಲ್ಮೀರಾಗೆ ಅರ್ಥವಾಯಿತು. ತಣ್ಣಗಿದೆ ಎಂದು ನಂಬಿ ಎಂಜಿನ್ನನ್ನು ಇನ್ನಷ್ಟು ಬೇಯಿಸುತ್ತಿದ್ದಾನೆ. ಅದರಲ್ಲಿ ಅವಳ ಮಗಳಿದ್ದಾಳೆ, ಕೆಳಗೆ ಬರೀ ನೀರು. ಅವಳು ರೇಡಿಯೋವನ್ನು ಎರ್ಲಾನ್ ಕೈಗೆ ಕೊಟ್ಟಳು.

"ಯಾಸ್ಕರಾ, ನಾನು" ಎಂದ ಎರ್ಲಾನ್, ಸಂತೆಯ ಸುದ್ದಿ ಹೇಳುವವನ ದನಿಯಲ್ಲಿ. "ಪರದೆ ಸುಳ್ಳು ಹೇಳ್ತಿದೆ, ನೋಡ್ಬೇಡ. ಕಿಂಡಿ ಪೂರ್ತಿ ತೆಗಿ. ಪೆಟ್ರೋಲು ಧಾರಾಳ ಬಿಡು, ಅದೂ ಎಂಜಿನ್ ತಣಿಸುತ್ತೆ. ಆಮೇಲೆ ಶಕ್ತಿ ಇಳಿಸು, ನಿಧಾನವಾಗಿ ಬನ್ನಿ."

"ಈ ಮನುಷ್ಯ ಅಲ್ಲಿ ಏನ್ಮಾಡ್ತಿದಾನೆ ಅಕ್ಕಾ?" ಎಂದಿತು ರೋಮುಲೊನ ದನಿ.

"ಅವನು ಹೇಳಿದ ಹಾಗೆ ಮಾಡೋ" ಅಂದಳು ಡೆಲ್ಮೀರಾ.

ರೇಡಿಯೋದ ಗೊರಗೊರದ ನಡುವೆ ಮಗಳ ದನಿ ಬಂತು. "ಮಾಡಿದೆ, ಪದ್ರೀನೊ."

ಇಬ್ಬರೂ ಹೊರಗೆ ಬಂದು ಆಕಾಶ ನೋಡುತ್ತಾ ನಿಂತರು. ಕೊನೆಗೆ ದನಗಳನ್ನು ಚದುರಿಸುತ್ತಾ ವಿಮಾನ ಹುಲ್ಲಿನ ಮೇಲೆ ಇಳಿಯಿತು. ರೋಮುಲೊ ನಗುನಗುತ್ತಲೇ ಕೆಳಗಿಳಿದ. ಎರ್ಲಾನ್ ಮುಚ್ಚಳ ತೆಗೆದ. ಸೀಸದ ಅವಶ್ಯಕತೆಯೇ ಬೀಳಲಿಲ್ಲ. ಎರಡನೆಯ ಸಿಲಿಂಡರಿನ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಎಣ್ಣೆ ಒಸರುತ್ತಿತ್ತು. ರೋಮುಲೊ ಬಗ್ಗಿ ನೋಡಿದ. ಅವನ ನಗು ಇಂಗಿಹೋಯಿತು. ಪಾದದ ಮೇಲಿನ ರಕ್ತ ಒರೆಸಿಕೊಳ್ಳುವ ನೆಪದಲ್ಲಿ ಆಚೆ ಸರಿದ.

ಯಾಸ್ಕರಾ ಆ ಬಿರುಕನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಶನಿವಾರ ನಾನು ಹಾರಿಸೋದು?"

ಡೆಲ್ಮೀರಾ ಕೊರಳಲ್ಲಿದ್ದ ಕೀ ತೆಗೆದಳು. ಮಾಂಸ ಇಳಿಸಲು ಬಂದವರು, ಕಾಫಿ ಅಂಗಡಿಯವರು, ಅಂದು ಜಗಳ ನೋಡಿದವರೆಲ್ಲ ಅಲ್ಲೇ ಇದ್ದರು. ಎಲ್ಲರೂ ನೋಡುತ್ತಿರುವಾಗಲೇ ಅವಳು ಅದನ್ನು ಎರ್ಲಾನ್‌ನ ಕೊರಳಿಗೆ ಹಾಕಿದಳು.

"ಅದನ್ನ ನನ್ನ ಕೇಳ್ಬೇಡ, ಕೊಂಪಾದ್ರೇನ ಕೇಳು" ಅಂದಳು.