ಏಕವಚನದ ಊರು, ಬಹುವಚನದ ಊರು

"ದಯಮಾಡಿ ಹೇಲಿಗೆ ಇಳಿಯುವಂಥವರಾಗಿ," ಎಂದ ಬಲಗುಮ್ಮಟದ ಮೇಸ್ತ್ರಿ, ಮೂಗಿಗೆ ಬಟ್ಟೆ ಒತ್ತಿಕೊಂಡು.

"ಬೇಗ ಇಳಿಯೇ ಅಕ್ಕ, ನಾತ ಹೊಡೀತಿದೆ," ಎಂದ ಎಡಗುಮ್ಮಟದ ಮೇಸ್ತ್ರಿ. ಅವನ ಮೂಗಿಗೂ ಬಟ್ಟೆಯೇ.

ಉಸಿರಾಡಲು ಗಾಳಿಯಿಲ್ಲದ ಆ ನೆಲದ ಮೇಲೆ ಎರಡು ಗಾಜಿನ ಗುಮ್ಮಟಗಳು, ಎರಡು ಸರ್ಕಾರಗಳು. ಬಲಗಡೆಯವರ ಕಾಯಿದೆಯಲ್ಲಿ ಪ್ರತಿ ಮನುಷ್ಯನಿಗೂ ಮರ್ಯಾದೆ ಉಂಟು. ಯಾರನ್ನೂ ಏಕವಚನದಲ್ಲಿ ಕರೆಯುವಂತಿಲ್ಲ. ಎಡಗಡೆ ಎಲ್ಲರೂ ಸಮ. ಅಲ್ಲಿ ಬಹುವಚನವೇ ಅಪರಾಧ. ಈ ವ್ಯಾಕರಣಕ್ಕಾಗಿ ಒಮ್ಮೆ ಯುದ್ಧವೂ ನಡೆದಿತ್ತು. ಯುದ್ಧ ಮುಗಿದ ಮೇಲೂ ಎರಡು ಊರಿನ ಹೇಲು ಹರಿಯುತ್ತಿದ್ದದ್ದು ಒಂದೇ ಕೊಳವೆಯಲ್ಲಿ. ಅದರ ಗುಂಡಿ ಎರಡು ಗುಮ್ಮಟ ಕೂಡುವ ಕಡೆ, ಗಾಜಿನ ಒಳಗೇ ಇತ್ತು. ಅದಕ್ಕೆ ಇಳಿಯುತ್ತಿದ್ದದ್ದು ಒಂದೇ ಮನೆಯವರು: ಮೊದಲು ಅಪ್ಪ, ಆಮೇಲೆ ಈ ಅಕ್ಕ, ಈಗ ಅವಳ ತಮ್ಮ.

ಬೆಳಿಗ್ಗೆ ಇಳಿದ ತಮ್ಮ ಮೇಲೆ ಬಂದಿರಲಿಲ್ಲ. ವಿಷಗಾಳಿ ಹೊಡೆದಿತ್ತು. ಕೊಳವೆ ಕಟ್ಟಿಕೊಂಡಿತ್ತು. ಮೇಸ್ತ್ರಿಗಳಿಬ್ಬರೂ ಅವನನ್ನು 'ತಡೆ' ಎನ್ನುತ್ತಿದ್ದರು.

ಅವಳು ಇಳಿದಳು. ಕೊಳವೆಯ ನಡುವೆ ಎರಡು ಊರುಗಳ ಗಡಿ ತೋರಿಸುವ ಕೆಂಪು ಗೆರೆ. ತಮ್ಮ ಅದರ ಮೇಲೇ ಅಡ್ಡಬಿದ್ದಿದ್ದ. ಕಂಕುಳಿಗೆ ಹಗ್ಗ ಬಿಗಿದು ಎಳೆದು ತಂದು ಗುಂಡಿಯ ಕಟ್ಟೆಯ ಮೇಲೆ ಮಲಗಿಸಿದಳು. ಮೊಣಕೈಯಿಂದ ಅವನ ಮುಖ ಒರೆಸಿದಳು. ಮೊಣಕೈಯೂ ಹೊಲಸೇ ಆಗಿತ್ತು.

"ಯಾವ ಗುಮ್ಮಟದ ತೋಟದಲ್ಲಾದ್ರೂ ಒಂದಾಳುದ್ದ ಜಾಗ ಕೊಡಿ. ಇವನನ್ನ ಮಣ್ಣು ಮಾಡ್ಬೇಕು."

"ತಮ್ಮ ತಮ್ಮನವರ ಮೇಲೆ ನಮಗೆ ಅಪಾರ ಗೌರವ," ಎಂದ ಬಲಗಡೆಯವನು. "ಅವರ ತಲೆ ಎಲ್ಲಿತ್ತು?"

"ಎಡಗಡೆ. ಕಾಲು ನಿಮ್ಮ ಕಡೆ."

"ಹಾಗಾದರೆ ಅವರು ಎಡಗಡೆಯ ಹೆಣದವರು."

"ಕಾಲು ಯಾವ ಕಡೆಯೋ ಆಳು ಆ ಕಡೆಯವ್ನು," ಎಂದ ಎಡಗಡೆಯವನು. "ಅವ್ನು ನಮ್ಮ ಒಡಹುಟ್ಟಿದವನೇ ಕಣೆ, ನಂಗೆ ಅಳು ಬರ್ತಿದೆ. ಆದ್ರೆ ತೋಟದಲ್ಲಿ ಮಕ್ಕಳು ಆಡ್ತಾವೆ. ಹೊರಬಾಗ್ಲಿಂದ ಆಚೆ ತಳ್ಬಿಡು."

"ಆಚೆ ಏನೈತೆ?"

"ಏನೂ ಇಲ್ಲ. ಅಲ್ಲೂ ಎಲ್ಲರೂ ಸಮ."

"ತಳ್ಳುವಂಥವರಾಗಿ," ಎಂದು ಬಲಗಡೆಯವನು ತಲೆ ಬಾಗಿಸಿದ. ಯುದ್ಧವಾದ ಮೇಲೆ ಎರಡು ಊರೂ ಒಪ್ಪಿದ ಮೊದಲ ಮಾತು ಅದು.

ಅವಳು ಎದ್ದು ಕೊಳವೆಯ ದೊಡ್ಡ ತಿರುಪನ್ನು ಕೊನೆಯವರೆಗೂ ಬಿಗಿದಳು. ಎರಡು ಊರಿನ ಹೇಲು ಹೋಗುವ ದಾರಿಯೂ ಮುಚ್ಚಿತು. ತಿರುಪಿನ ಹಿಡಿಯನ್ನು ಕಿತ್ತು ಗುಂಡಿಗೆ ಬಿಟ್ಟಳು. ಡುಬುಕ್ ಎಂದಿತು.

"ಏನೇ ಮಾಡ್ದೆ, ಬೋಳಿ?" ಎಂದು ಕಿರುಚಿದ ಬಲಗಡೆಯವನು.

"ಅಮ್ಮಾ, ತಾವು ಹೀಗ್ ಮಾಡ್ಬಾರ್ದಿತ್ತು," ಎಂದ ಎಡಗಡೆಯವನು. ಅವನು ತನಗರಿವಿಲ್ಲದೆ ಕೈ ಜೋಡಿಸಿದ್ದ.

ಅವಳು ಕೂತು ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಜಾಗ ಅಗೆದು ಬಂದ್ರೆ ನಾನು ಇಳೀತೀನಿ. ಇಲ್ಲಾಂದ್ರೆ ಹಿಡಿ ತಳದಾಗೈತೆ." ಬಲಗಡೆಗೆ ತಿರುಗಿದಳು. "ನೀವು ಇಳಿಯುವಂಥವರಾಗಿ." ಎಡಗಡೆಗೆ ತಿರುಗಿದಳು. "ನೀನೂ ಇಳಿಯೋ, ಬೋಳಿಮಗನೆ."

ಇಬ್ಬರ ಬೆನ್ನ ಹಿಂದಿನ ಚರಂಡಿ ಜಾಲರಿಗಳೂ ಗುಳುಗುಳು ಎನ್ನತೊಡಗಿದವು. ಎರಡು ಊರಿನ ಹೇಲೂ ಹೊರಬಂದು ಕಟ್ಟೆಯ ಕೆಳಗೆ ಒಂದಾಗಿ ನಿಂತಿತು. ಬೂಟು ಮುಳುಗುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಮೊದಲು ಯಾರು ಇಳಿಯುತ್ತಾರೆಂದು.