ನೋಂದಾಯಿಸದ ನಿವಾಸಿ

ಆ ಅಪಾರ್ಟ್‌ಮೆಂಟಿನ ಜಗಳವನ್ನು ನ್ಯಾಯಾಲಯ ನನ್ನ ಕಡೆ ತಳ್ಳಿದ್ದು, ಎರಡು ಸಭೆಯಲ್ಲಿ ಮುಗಿದುಹೋಗುತ್ತದೆ ಎಂಬ ಅಂದಾಜಿನ ಮೇಲೆ. ನಾನೂ ಹಾಗೇ ಅಂದುಕೊಂಡಿದ್ದೆ. ಮನೆ ಮಾಲೀಕರಿಗೂ ಅವರ ಸಂಘದ ಸಮಿತಿಗೂ ನಡುವೆ ಕೂತು ರಾಜಿ ಮಾಡಿಸುವುದು ನನ್ನ ಹದಿನೈದು ವರ್ಷದ ಕಸುಬು. ನಾಯಿ ಬೊಗಳುವುದು, ಗೋಡೆ ಒಸರುವುದು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಾರು ನಿಲ್ಲಿಸುವುದು, ಇವೆಲ್ಲ ನನಗೆ ಬಾಯಿಪಾಠ.

ಈ ಕಡತದಲ್ಲಿದ್ದದ್ದು ಒಂದೇ ಆರೋಪ. ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇದ್ದುಕೊಂಡು ಬಟ್ಟೆ ಹೊಲಿಯುವ ಹೆಂಗಸು ಸಂಘದಲ್ಲಿ ನೋಂದಾಯಿಸದೆ ಒಬ್ಬ ಗಂಡಸನ್ನು 'ಇಟ್ಟುಕೊಂಡಿದ್ದಾರೆ' ಎಂದು ಯಾರೋ ಬರೆದಿದ್ದರು. ಕಾರ್ಯದರ್ಶಿ ಆ ಪದವನ್ನು ಹೊಡೆದುಹಾಕಿ, ಮೇಲೆ ಸಣ್ಣಕ್ಷರದಲ್ಲಿ 'ವಾಸಕ್ಕೆ ಬಿಟ್ಟಿದ್ದಾರೆ' ಎಂದು ತಿದ್ದಿದ್ದರು. ಈ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ತರು. ಸಂಘದ ನಿಯಮಗಳ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವುದರಿಂದ ಎಲ್ಲರ ಬಾಯಲ್ಲಿ ಬೈಲಾ ಮೇಷ್ಟ್ರು.

ಆ ಗಂಡಸನ್ನು ಹೊರಗೆ ಕಳಿಸಿ ಎಂದು ಸಮಿತಿ ಕೊಟ್ಟ ನೋಟಿಸಿಗೆ ದರ್ಜಿಯಮ್ಮನ ಉತ್ತರವೂ ಚಿಕ್ಕದೇ. ತಾನಿರುವುದು ಒಬ್ಬಳೇ, ಇಲ್ಲದ ಮನುಷ್ಯನನ್ನು ಎಲ್ಲಿಂದ ಹೊರಗೆ ಕಳಿಸಲಿ, ನೋಟಿಸು ರದ್ದು ಮಾಡಿ.

ಮೊದಲ ಸಭೆ ನೆಲಮಹಡಿಯ ಕಚೇರಿಯಲ್ಲಿ ನಡೆಯಿತು. ಮೇಷ್ಟ್ರು ಏಳು ದೂರುಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಏಳೂ ಬೇರೆ ಬೇರೆ ಕೈಬರಹ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದ ಹಾಗಿರಲಿಲ್ಲ. ಆದರೆ ಕಂಡದ್ದು ಮಾತ್ರ ಒಂದೇ: ಮಧ್ಯಾಹ್ನ ನಾಲ್ಕರ ಸುಮಾರಿಗೆ, ನೀಲಿ ಅಂಗಿಯ ಎತ್ತರದ ಗಂಡಸು, ಬಾಲ್ಕನಿಯ ಕಟಾಂಜನದ ಉದ್ದಕ್ಕೂ ಬಗ್ಗಿ ಎದ್ದು ಮಾಡುತ್ತಾನೆ. ಕರೆದರೆ ತಿರುಗುವುದಿಲ್ಲ.

ಆಕೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಏಳನ್ನೂ ನಿಧಾನವಾಗಿ ಓದಿದರು. ಕನ್ನಡಕ ತೆಗೆದು, "ಬಗ್ಗಿದಾಗ ಕೈ ಎಲ್ಲಿಡ್ತಾನೆ?" ಎಂದು ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಗಂಟೆ ಮೂರೂಮುಕ್ಕಾಲು. ಎದುರು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮೊದಲ ದೂರು ಬರೆದ ನರ್ಸಮ್ಮ ಇದ್ದರು. ನಡುವೆ ಇದ್ದದ್ದು ಹತ್ತು ಹೆಜ್ಜೆಯ ಓಣಿ ಅಷ್ಟೆ. ಅಲ್ಲಿಂದಲೇ ನೋಡಿಬಿಡೋಣ ಎಂದೆ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ದರ್ಜಿಯಮ್ಮ ನನ್ನ ಕೈಗೇ ಕೊಟ್ಟರು. ನಾವು ನಾಲ್ವರೂ ನರ್ಸಮ್ಮನ ಕಿಟಕಿಯ ಹತ್ತಿರ ನಿಂತೆವು.

ಎದುರಿಗೆ ಆಕೆಯ ಬಾಲ್ಕನಿ ಬಿಸಿಲಿಗೆ ಖಾಲಿಯಾಗಿ ಬಿದ್ದಿತ್ತು. ಒಗೆದ ಬಟ್ಟೆ, ಒಂದು ಪ್ಲಾಸ್ಟಿಕ್ ಕುರ್ಚಿ. ನಾನು ಕೈಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ ಆತ ಅಲ್ಲಿದ್ದ. ಬಂದದ್ದು ಯಾರಿಗೂ ಕಾಣಲಿಲ್ಲ. ಇದ್ದ, ಅಷ್ಟೆ. ನರ್ಸಮ್ಮ ನನ್ನ ಮೊಣಕೈ ಹಿಡಿದರು. ಮೇಷ್ಟ್ರು ಕಂಕುಳಿನ ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

ದರ್ಜಿಯಮ್ಮ ಮಾತ್ರ ಇನ್ನೂ ಹುಡುಕುತ್ತಿದ್ದರು. ಆಮೇಲೆ ನಮ್ಮ ಮುಖಗಳನ್ನು ನೋಡಿದರು.

"ಇದಾನಾ?"

"ಇದಾರೆ," ಎಂದೆ.

"ನಂಗೆ ಕಾಣ್ತಿಲ್ಲ. ಏನ್ ಮಾಡ್ತಿದಾನೆ, ಹೇಳಿ ಮೇಡಂ."

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬಗ್ಗಿ, ನೆಲದಿಂದ ಕಂಬಿಯ ಮೇಲೆ ಗೇಣು ಹಾಕುತ್ತಿದ್ದಾರೆ. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಕಂಬಿ ಮುಗಿಯುತ್ತದೆ. ಐದನೇ ಗೇಣನ್ನು ಬರೀ ಗಾಳಿಯಲ್ಲಿ ಹಾಕಿ, ಹಾಗೇ ಹಿಡಿದುಕೊಂಡು ನಿಲ್ಲುತ್ತಾರೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಮೊದಲಿಂದ.

"ಕಿರುಬೆರಳು?"

"ಬಿಡಿಸ್ತಿಲ್ಲ. ಮಡಚಿಕೊಂಡೇ ಇದೆ."

ಆಕೆ ನರ್ಸಮ್ಮನ ಮಂಚದ ತುದಿಯಲ್ಲಿ ಕೂತುಬಿಟ್ಟರು. "ನಮ್ಮಣ್ಣ," ಎಂದರು.

ಅಣ್ಣ ಕಬ್ಬಿಣದ ಕೆಲಸದವನು, ಜೀವಮಾನವೆಲ್ಲ ವೆಲ್ಡಿಂಗ್ ಮಾಡಿದವನು. ಕಿರುಬೆರಳು ಸುಟ್ಟು ಮಡಚಿಕೊಂಡದ್ದೂ ಆ ಕೆಲಸದಲ್ಲೇ. ಮೂರು ವರ್ಷದ ಹಿಂದೆ ತಂಗಿಯ ಮನೆಗೆ ಬಂದವನು ಕಟಾಂಜನಕ್ಕೆ ಗೇಣು ಹಾಕಿ, ಇದು ಒಂದು ಗೇಣು ಗಿಡ್ಡ, ಬಟ್ಟೆ ಹರಡುವಾಗ ನೀನು ಬೀಳ್ತೀಯ ಎಂದಿದ್ದ. ಎತ್ತರಿಸಲು ಅನುಮತಿ ಕೋರಿ ಅಣ್ಣ ತಂಗಿ ಇಬ್ಬರೂ ಸಮಿತಿಗೆ ಅರ್ಜಿ ಕೊಟ್ಟರು. ಕಟ್ಟಡದ ಮುಖ ಎಲ್ಲ ಕಡೆ ಒಂದೇ ಥರ ಇರಬೇಕು ಎಂಬ ನಿಯಮ ತೋರಿಸಿ ಸಮಿತಿ ಅರ್ಜಿಯನ್ನು ತಳ್ಳಿಹಾಕಿತು. ಅಣ್ಣ ಹೋಗಿ ಈಗ ಒಂದೂವರೆ ವರ್ಷ. ಶ್ವಾಸಕೋಶದ ಕಾಯಿಲೆ. ಕೊನೆಯ ದಿನಗಳಲ್ಲೂ ಅದನ್ನೇ ಕೇಳುತ್ತಿದ್ದನಂತೆ, ಕಂಬಿ ಎತ್ತರ ಮಾಡಿಸಿದೆಯಾ ಎಂದು.

"ಸಹಿ ಹಾಕಿದ್ದು ನಾನೇ," ಎಂದರು ಮೇಷ್ಟ್ರು ಕಿಟಕಿಯಿಂದ ಕಣ್ಣು ಕೀಳದೆ. "ಕಚೇರಿಗೇ ಬಂದಿದ್ರು ಅವರು. ಬೀಳೋರು ಬೈಲಾ ಓದ್ಕೊಂಡು ಬೀಳಲ್ಲ ಸಾರ್ ಅಂದ್ರು. ನಾನು ನಕ್ಕುಬಿಟ್ಟೆ."

ಮತ್ತೆ ನೋಡಿದಾಗ ಬಾಲ್ಕನಿ ಖಾಲಿಯಾಗಿತ್ತು.

ಬೀಗದ ಕೈ ಇನ್ನೂ ನನ್ನ ಬಳಿಯೇ ಇತ್ತು. ಹೋಗಿ ಬಾಗಿಲು ತೆಗೆದೆವು. ಹೊಲಿಗೆ ಯಂತ್ರ, ಕತ್ತರಿಸಿಟ್ಟ ಬಟ್ಟೆ, ಗೋಡೆಗಡಿಯಾರದ ಸದ್ದು. ಯಾರೂ ಇರಲಿಲ್ಲ.

ಇಂಥದ್ದನ್ನು ವರದಿಯಲ್ಲಿ ಬರೆಯಲಾಗುವುದಿಲ್ಲ. ರಾಜಿಪತ್ರದಲ್ಲಿ ಎರಡೇ ಸಾಲು ಹಾಕಿದೆ: ಸಮಿತಿ ನೋಟಿಸು ಹಿಂತೆಗೆದುಕೊಳ್ಳುವುದು, ಕಟಾಂಜನವನ್ನು ಒಂದು ಗೇಣು ಎತ್ತರಿಸುವುದು. ಮೇಷ್ಟ್ರು ಓದದೆಯೇ ಸಹಿ ಹಾಕಿದರು. ಅವರು ಹಾಗೆ ಓದದೆ ಸಹಿ ಹಾಕಿದ್ದು ಅದೇ ಮೊದಲಂತೆ.

ಸಹಿ ಹಾಕಲು ಒಪ್ಪದವರು ದರ್ಜಿಯಮ್ಮ.

ಎರಡು ವಾರ ಆಕೆಯ ಮನೆಗೆ ತಿರುಗಿದೆ. ಆ ನಡುವೆ ಎಂಜಿನಿಯರು ಬಂದು ಕಂಬಿಯ ಬುಡ ಕೆರೆದು ನೋಡಿದರೆ, ಬಣ್ಣದ ಒಳಗೆ ಕಬ್ಬಿಣವೇ ಇರಲಿಲ್ಲ, ಬರೀ ತುಕ್ಕು. ಮೇಷ್ಟ್ರು ದಿನಾ ಬಾಗಿಲಿಗೆ ಬಂದು ಕೈಮುಗಿಯತೊಡಗಿದರು. ಆಕೆ ಕದ ತೆಗೆಯಲಿಲ್ಲ. ನನಗೆ ಮಾತ್ರ ಬಾಯಿಬಿಟ್ಟು ಹೇಳಿದರು: "ಕೆಲಸ ಮುಗಿದ್ರೆ ಅವನು ಹೊರಟುಹೋಗ್ತಾನೆ ಮೇಡಂ. ನಂಗೆ ಕಾಣ್ದೇ ಇದ್ರೂ ಇದಾನಲ್ಲ."

"ಒಂದೂವರೆ ವರ್ಷದಿಂದ ಬಿಸಿಲಲ್ಲಿ ಬಗ್ತಾ ಏಳ್ತಾ ಇದಾರೆ ಅಕ್ಕ. ಅವರಿಗೂ ಸೊಂಟ ನೋಯಲ್ವಾ?" ಎಂದೆ.

ಆಕೆ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿ ಪೆನ್ನು ಕೇಳಿದರು. ಒಂದೇ ಷರತ್ತು: ಕೆಲಸ ನಡೆಯುವ ದಿನ ನಾನು ಎದುರು ಕಿಟಕಿಯಲ್ಲಿ ನಿಂತು ಅಲ್ಲಿ ಆಗುವುದನ್ನೆಲ್ಲ ಫೋನಿನಲ್ಲಿ ಹೇಳಬೇಕು.

ಹಾಗೇ ಮಾಡಿದೆ. ಕೆಲಸದವರು ಮೂರೂವರೆಗೆ ಹೊಸ ಕಂಬಿ ಕೂರಿಸಿ, ಸಾಮಾನು ಕಟ್ಟಿಕೊಂಡು ಹೋದರು. ದರ್ಜಿಯಮ್ಮ ಕೋಣೆಯೊಳಗೆ, ಬಾಲ್ಕನಿಯ ತೆರೆದ ಬಾಗಿಲ ಬಳಿ ನಿಂತಿದ್ದರು. ನಾಲ್ಕಕ್ಕೆ ಆತ ಬಂದ.

"ಬಂದ್ರು," ಎಂದೆ. "ಗೇಣು ಹಾಕ್ತಿದಾರೆ. ಮೂರು. ನಾಲ್ಕು. ಐದು... ಕೈ ಕಂಬಿ ಮೇಲೇ ಕೂತಿದೆ."

"ಆಮೇಲೆ?" ಎಂದರು ಆಕೆ ಫೋನಿನಲ್ಲಿ.

"ಬುಡ ಅಲ್ಲಾಡಿಸಿ ನೋಡ್ತಿದಾರೆ. ಎದ್ದು ನಿಂತ್ರು. ಕೈ ಒರೆಸ್ಕೊಂಡ್ರು."

"ಹೊರಟನಾ?"

ಆತ ತಲೆ ಎತ್ತಿದ. ಮೊದಲ ಸಲ ಮುಖ ಕಂಡಿತು. ತಂಗಿಯ ಮುಖವೇ, ಕೊಂಚ ಉದ್ದ. ನನ್ನ ಕಡೆ ನೋಡದೆ ಮನೆಯ ಕಡೆ ತಿರುಗಿದ.

"ಇಲ್ಲ," ಎಂದೆ. "ಒಳಗೆ ಬರ್ತಿದಾರೆ."

ಆಕೆ ಹೆದರಿ ಹಿಂದೆ ಸರಿಯುತ್ತಾರೆ ಅಂದುಕೊಂಡೆ. ಬಾಗಿಲಲ್ಲಿ ನಿಂತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ್ದು ಆಕೆಯ ಕೈಯೋ ಅಲ್ಲವೋ, ನನಗೆ ಕಾಣಲಿಲ್ಲ.

ಅಂದಿನಿಂದ ಬಾಲ್ಕನಿಯಲ್ಲಿ ಯಾರಿಗೂ ಏನೂ ಕಂಡಿಲ್ಲ. ಕಡತ ಮುಚ್ಚಿದೆ. ತಿಂಗಳಾದ ಮೇಲೆ, ಕಕ್ಷಿದಾರರಿಗೆ ಫೋನು ಮಾಡುವ ಅಭ್ಯಾಸ ನನಗಿಲ್ಲದಿದ್ದರೂ, ಮಾಡಿದೆ. ಹೊಲಿಗೆ ಕೆಲಸ ಕೈತುಂಬ ಇದೆ ಎಂದರು. ಎದುರು ಮನೆಯವರಿಗೆ ಈಗ ಏನೂ ಕಾಣುವುದಿಲ್ಲವಂತೆ ಎಂದಾಗ ನಕ್ಕರು.

"ಈಗ ಎಲ್ರೂ ನನ್ ಥರಾನೇ ಆದ್ರು ಬಿಡಿ."

ಹೇಗಿದ್ದೀರಿ, ಒಬ್ಬರೇ ಬೇಸರವಿಲ್ಲವೇ ಎಂದು ಕೇಳಿದೆ. ಇಲ್ಲ ಎಂದರು. ಆಮೇಲೆ ಫೋನನ್ನು ಬಾಯಿಂದ ತುಸು ದೂರ ಹಿಡಿದು, ನನಗಲ್ಲದ ದನಿಯಲ್ಲಿ ಹೇಳಿದರು, "ಕಾಲು ಎತ್ತು, ಗುಡಿಸ್ಬೇಕು."