ಬೀಜದ ಅವರೆ ಮೂಸಲು ಬಂದ ಸೀತಾಲಕ್ಷ್ಮಿ

ಕೋಣನಕುಂಟೆಯಾಚೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ, ಬೆಳಗಿನ ಬಿಸಿಲು ಇನ್ನೂ ಮಣ್ಣಿಗೇ ಇಳಿಯುವ ಒಂದು ಹೊಲವಿದೆ. ಅದು ಲತಾಮಣಿಯದು. ಸುತ್ತಲಿನವರೆಲ್ಲ ಹೊಲದ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟರೂ ಇವಳು ಮಾತ್ರ ವರ್ಷವರ್ಷವೂ ರಾಗಿ ಬಿತ್ತುತ್ತಾಳೆ; ನಡುನಡುವೆ ಅಕ್ಕಡಿ ಸಾಲಿನಲ್ಲಿ ನಾಟಿ ಅವರೆ ಹಾಕುತ್ತಾಳೆ. ರಾಗಿ ಕೊಯ್ದು ಮನೆ ಸೇರಿದ ಮೇಲೆ ಹೊಲದಲ್ಲಿ ಉಳಿಯುವುದು ಅವರೆಯೊಂದೇ. ಮಾಗಿಯ ಇಬ್ಬನಿ ಕುಡಿಕುಡಿದು ಅದು ಸೊಗಡೇರಿತೆಂದರೆ, ದಾರಿಯಲ್ಲಿ ಹೋಗುವವರು ಬೈಕು ನಿಧಾನ ಮಾಡಿ ಮೂಗರಳಿಸುವುದುಂಟು.

ಆ ಬೀಜ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅತ್ತೆಯ ಕಾಲದಿಂದ ಮನೆಯಲ್ಲೇ ಉಳಿದು ಬಂದದ್ದು. ಕಾಯಿ ಕೀಳುವುದಕ್ಕೆ ಮುಂಚೆ ಒಂದು ಮುಂಜಾನೆ ಲತಾಮಣಿ ಹೊಲಕ್ಕಿಳಿದು, ಕಾಯಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಅಂಟಿದ ಜಿಡ್ಡನ್ನು ಮೂಸಿ, ಮನಸ್ಸಿಗೆ ಬಂದ ಗಿಡಕ್ಕೆ ಹಳೆ ಸೀರೆಯ ಚೂರು ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿದ ಗಿಡವನ್ನು ಯಾರೂ ಮುಟ್ಟುವಂತಿಲ್ಲ. ಅದು ನಿಂತಲ್ಲೇ ಒಣಗಿ ಮುಂದಿನ ವರ್ಷದ ಬೀಜವಾಗಬೇಕು.

ಈ ಸಲ ಅವಳಿಗೊಂದು ಜ್ವರ ಬಂತು. ಹೋಗುವಾಗ ಅದು ಅವಳ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಗ್ಗರಣೆಯ ಇಂಗೂ ತಿಳಿಯದು, ಸೀದ ಹಾಲೂ ತಿಳಿಯದು. ಮಾರನೆಯ ದಿನವೇ ಕಾಯಿ ಕೀಳಲು ಆಳುಗಳು ಬರುವವರಿದ್ದರು. ಬಟ್ಟೆ ಕಟ್ಟದಿದ್ದರೆ ಎಲ್ಲವೂ ಮಾರ್ಕೆಟ್ಟಿನ ಪಾಲು. ಕಣ್ಣು ಮುಚ್ಚಿ ಕಟ್ಟಿದರೆ ಸೊಗಡಿಲ್ಲದ ಗಿಡವೇ ಬೀಜವಾಗಿ ಕೂರಬಹುದು.

ಗಂಡ ಸಿದ್ದಲಿಂಗಯ್ಯನನ್ನು ಕೇಳಿ ಪ್ರಯೋಜನವಿರಲಿಲ್ಲ. ನಸ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ಕೆಲಸ ಬಿಟ್ಟಿತ್ತು. ಪ್ಯಾಕೆಟ್ ಬೀಜ ಹಾಕಿದರೆ ವರ್ಷವೆಲ್ಲ ಕಾಯಿ ಬಿಡುತ್ತದೆ, ಈ ಮೂಸುವ ರಗಳೆಯೇ ಬೇಡ ಎಂದು ಅವನು ತನ್ನ ಹಳೆಯ ರಾಗವನ್ನೇ ಎಳೆದ. ಮಗಳು ಶರ್ವಾಣಿ ಒಂದಷ್ಟು ಗಿಡ ಮೂಸಿ, ಎಲ್ಲವೂ ಒಂದೇ ಥರ ಎಂದು ಕೈ ಚೆಲ್ಲಿದಳು. ಆಮೇಲೆ ಅವಳೇ, “ಮೂಗೇ ಬೇಕು ಅಂದ್ರೆ ತ್ಯಾಗರಾಜನಗರದ ಅಜ್ಜಿನ ಕರ್ಕೊಂಡ್ ಬರ್ಲಾ?” ಎಂದಳು.

ಆ ಅಜ್ಜಿ ಸೀತಾಲಕ್ಷ್ಮಿ. ಸೀಸನ್ ಬಂತೆಂದರೆ ಲತಾಮಣಿಯ ಗಿರಾಕಿ. ಕಾಯಿಯ ರಾಶಿಯನ್ನು ಕಣ್ಣಿನಿಂದ ನೋಡುವ ಪೈಕಿಯೇ ಅಲ್ಲ. ಬಗ್ಗಿ ಒಂದು ಉಸಿರೆಳೆದು ತೀರ್ಪು ಕೊಡುವವರು. ಈಚೆಗೆ ಪ್ರತಿ ವರ್ಷವೂ ಒಂದೇ ತೀರ್ಪು, ಮೊದಲಿನ ಹಾಗಿಲ್ಲ ಅಂತ. ಚೌಕಾಸಿಗೆ ಹೂಡಿದ ಆಟವೆಂದುಕೊಂಡು ಲತಾಮಣಿ ನಕ್ಕುಬಿಡುತ್ತಿದ್ದಳು.

ಅಜ್ಜಿ ಶರ್ವಾಣಿಯ ಸ್ಕೂಟರಿನ ಹಿಂದೆ ಕೂತು, ರೇಷ್ಮೆ ಸೀರೆಯ ಮೇಲೆ ಮಗನ ಸ್ವೆಟರ್ ತೊಟ್ಟು ಬಂದಿಳಿದರು. ಲತಾಮಣಿ ಅವರನ್ನು ನೇರವಾಗಿ ಹೊಲದ ನಡುವಿಗೆ ಕರೆದೊಯ್ದಳು. ಅಲ್ಲಿ ಗಿಡಗಳು ಗೊಂಚಲು ಗೊಂಚಲಾಗಿ ಕಾಯಿ ಹೊತ್ತು ಬಾಗಿದ್ದವು.

ಸೀತಾಲಕ್ಷ್ಮಿ ಒಂದನ್ನು ಮೂಸಿ, “ಇದು ಬೀನ್ಸು ಕಣೆ,” ಎಂದರು. ಪಕ್ಕದ್ದನ್ನು ಮೂಸಿದರು. “ಇವಳು ಅಲಂಕಾರ ಮಾಡ್ಕೊಂಡ್ ಕೂತಿದಾಳೆ ಅಷ್ಟೆ. ಬಾಯೇ ಬಿಡಲ್ಲ.”

ಸಾಲಿಗೆ ಸಾಲೇ ಹೀಗೆ ನಪಾಸಾಯಿತು. ಅಷ್ಟರಲ್ಲಿ ಅಜ್ಜಿ ಥಟ್ಟನೆ ನಿಂತು, ಯಾರೋ ಹೆಸರು ಹಿಡಿದು ಕರೆದವರಂತೆ ಕಾಂಪೌಂಡಿನ ಮೂಲೆಗೆ ತಿರುಗಿದರು. ಅಲ್ಲಿದ್ದವು ಕಲ್ಲುನೆಲದ ಬಡಕಲು ಗಿಡಗಳು. ಅವರು ಒಂದು ಕಾಯಿ ಉಜ್ಜಿ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು.

“ಬೇಳೆ ಹಿತಕಿ ಸಾರಿಗೆ ಹಾಕಿದ ಹಾಗಿದೆಯಲ್ಲೇ,” ಎಂದರು.

“ಅದ್ರಲ್ಲಿ ಬಿಟ್ಟಿರೋದೇ ಒಂದ್ ಹಿಡಿ ಕಾಯಿ, ಅಮ್ಮ.”

“ನೀನು ಯಾವತ್ತಾದ್ರೂ ಇದನ್ನ ಮೂಸಿದ್ಯಾ?”

ಮೂಸಿರಲಿಲ್ಲ. ಮೊದಲು ಕಾಯಿ ತುಂಬಿದ ಗಿಡಗಳನ್ನು ಕಣ್ಣಿನಿಂದ ಆರಿಸಿಕೊಂಡು, ಅವುಗಳಲ್ಲಿ ಮಾತ್ರ ಅವಳು ಸೊಗಡು ಹುಡುಕುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಕಾಯಿ ಹೆಚ್ಚುತ್ತ ಬಂತು, ಸೊಗಡು ಸದ್ದಿಲ್ಲದೆ ಮೂಲೆ ಸೇರಿತು. ಅಜ್ಜಿಯ ಮಾತು ಚೌಕಾಸಿಯಾಗಿರಲಿಲ್ಲ.

ಲತಾಮಣಿ ಸೆರಗು ಸಿಕ್ಕಿಸಿಕೊಂಡು ಕೂತಳು. ಸೀರೆಯ ಚೂರುಗಳನ್ನು ಒಂದೊಂದಾಗಿ ಆ ಬಡಕಲು ಗಿಡಗಳಿಗೆ ಕಟ್ಟತೊಡಗಿದಳು. ಮುಂದಿನ ಸಲ ಬುಟ್ಟಿ ತುಂಬುವುದಿಲ್ಲ ನೋಡು ಎಂದು ಸಿದ್ದಲಿಂಗಯ್ಯ ಬದುವಿನ ಮೇಲಿಂದಲೇ ಎಚ್ಚರಿಸಿದ.

“ಬುಟ್ಟಿ ತುಂಬೋ ಅವರೆ ಊರ್ ತುಂಬಾ ಇದೆ ಕಣ್ರೀ,” ಎಂದಳು ಅವಳು, ಗಂಟು ಬಿಗಿಯುತ್ತ. “ಇದು ನಮ್ಮ ಹತ್ರ ಹೋಯ್ತು ಅಂದ್ರೆ ಹೋಯ್ತು.”

ಸಿದ್ದಲಿಂಗಯ್ಯ ನಸ್ಯದ ಡಬ್ಬಿ ತೆರೆದವನು ಹಾಗೇ ಮುಚ್ಚಿದ. ಸ್ವಲ್ಪ ಹೊತ್ತಿಗೆ ಇಳಿದು ಬಂದು, ಉಳಿದ ಸೀರೆಯನ್ನು ಹರಿದು ಹರಿದು ಕೊಡುತ್ತ ನಿಂತ.

ಇತ್ತ ಸೀತಾಲಕ್ಷ್ಮಿ ರಾತ್ರಿಯ ಸಾರಿನ ಯೋಚನೆಯಲ್ಲಿ ಮೆಲ್ಲಗೆ ಒಂದು ಕಾಯಿಗೆ ಕೈ ಹಾಕಿದರು. ಲತಾಮಣಿ ಆ ಕೈ ಹಿಡಿದುಕೊಂಡಳು.

“ಬಟ್ಟೆ ಕಟ್ಟಾಯ್ತು, ಅಮ್ಮ.”

“ಹುಡುಕಿಕೊಟ್ಟೋಳು ನಾನಲ್ವೇನೆ?”

“ನೀವು ಹುಡುಕಿಕೊಟ್ಟಿದ್ದಕ್ಕೇ ಮುಟ್ಟೋ ಹಾಗಿಲ್ಲ.”

ಅಜ್ಜಿ ಅವಳನ್ನು ದುರುಗುಟ್ಟಿ ನೋಡಿದರು. ಹೊಲದ ನಡುವಿನ ಗಿಡಗಳಿಂದ ಲತಾಮಣಿ ಚೀಲ ತುಂಬಿಸಿ ಕೊಟ್ಟಾಗ ಅದಕ್ಕೊಮ್ಮೆ ಮೂಗು ತಾಕಿಸಿ ಮುಖ ಸಿಂಡರಿಸಿದರು. ಆದರೂ ಚೀಲ ಮಾತ್ರ ಕೆಳಗಿಡಲಿಲ್ಲ. ಸ್ಕೂಟರ್ ಹತ್ತಿ ಕೂತ ಮೇಲೆ ಅದರ ಬಾಯಿ ಅಗಲಿಸಿ ಲತಾಮಣಿಯ ಮುಂದೆ ಹಿಡಿದರು.

“ಸೊಗಡಿಲ್ಲದ್ದಕ್ಕೆ ಇನ್ನೊಂದ್ ಹಿಡಿ ಕೊಸರು ಹಾಕೆ.”